ತಟ್ಟೆಯೊಳಗೆ ಅಲ್ಲಾಡಿದ ಕಸ

ಗೋವಾದ ಮಾಂಡವಿ ನದಿಯ ಅಳಿವೆಯಲ್ಲಿ ನೀರು ಇಳಿದಿತ್ತು. ದಡದ ಕೆಲಸಕ್ಕೆ ಬಂದಿದ್ದ ಹಾವೇರಿ ಕಡೆಯ ಹುಡುಗ ಹತ್ತಿರ ಬಂದು ಕೇಳಿದ: "ಸರ್, ಈ ಪಾಚಿಯೊಳಗ ಏನ್ ಹುಡುಕಾಕತ್ತೀರಿ?"

ಅದು ಪಾಚಿಯಲ್ಲ, ಉಪ್ಪುನೀರಲ್ಲಿ ಬೆಳೆಯುವ ಕಡಲಹುಲ್ಲು. ಬೇರು, ಹೂವು, ಬೀಜ ಎಲ್ಲ ಉಂಟು. ಹೆಸರು ಹ್ಯಾಲೋಫಿಲಾ ಬೆಕಾರಿ. ಎಲೆ ಒಂದು ಸೆಂಟಿಮೀಟರ್ ಆಸುಪಾಸು, ಅಷ್ಟೇ.

ಅಂಗೈಯಗಲದ ಹುಲ್ಲನ್ನು ಕೆಸರಿನ ಸಮೇತ ಎತ್ತಿ, ಅರ್ಧ ಮಿಲಿಮೀಟರ್ ಜರಡಿಯಲ್ಲಿ ತೊಳೆದು ಬಿಳಿ ತಟ್ಟೆಗೆ ಸುರಿದೆ. ಎರಡು ನಿಮಿಷ ಸುಮ್ನೆ ನೋಡು ಅಂದೆ. ಕಸ ಅಲ್ಲಾಡತೊಡಗಿತು! ಕತ್ತರಿಸಿದ ಉಗುರಿನಂತೆ ಬಾಗಿ, ಪಕ್ಕಕ್ಕೆ ಮಲಗಿ ಚಿಮ್ಮುವುದು ಆ್ಯಂಫಿಪಾಡ್. ಮೇಲಿಂದ ಒತ್ತಿದಂತೆ ಚಪ್ಪಟೆಯಾದದ್ದು ಐಸೋಪಾಡ್. ಎಲ್ಲವೂ ಸಿಗಡಿ, ಏಡಿಯ ನೆಂಟರೇ.

ಇವುಗಳಲ್ಲಿ ಹಲವು ಎಲೆಯ ಮೇಲೆ ಕಟ್ಟುವ ಪಾಚಿಯನ್ನು ಕೆರೆದು ತಿನ್ನುತ್ತವೆ. ಪಾಚಿ ದಪ್ಪವಾದರೆ ಎಲೆಗೆ ಬೆಳಕು ಸಿಗುವುದಿಲ್ಲ. ಕೆಲವು ಜಾತಿ ಹುಲ್ಲನ್ನೇ ಕಡಿಯುವುದೂ ಉಂಟು. ಮೆಕ್ಸಿಕೋದ ಕಡಲಹುಲ್ಲೊಂದರಲ್ಲಿ ಇಂಥ ಪುಟ್ಟ ಜೀವಿಗಳು ಹೂವಿಂದ ಹೂವಿಗೆ ಪರಾಗ ಒಯ್ಯುತ್ತವೆ ಎಂದು 2016ರಲ್ಲಿ ಗೊತ್ತಾಯಿತು. ನೀರೊಳಗಿನ ಜೇನ್ನೊಣ ಅನ್ನಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಹೆಣ್ಣು ಆ್ಯಂಫಿಪಾಡ್. ಹುಡುಗನ ಕೈಗೆ ಮಸೂರ ಕೊಟ್ಟು ತೋರಿಸಿದೆ. ಹೊಟ್ಟೆಯ ಕೆಳಗೆ, ಕಾಲುಗಳ ನಡುವೆ, ತೆಳು ಹಾಳೆಗಳು ಸೇರಿ ಒಂದು ಚೀಲ. ಅದರಲ್ಲಿ ದುಂಡು ಮೊಟ್ಟೆಗಳು. ಹಿಂದಿನ ಪುಟ್ಟ ಕಾಲುಗಳನ್ನು ಬಡಿದು ತಾಯಿ ಮೊಟ್ಟೆಗೆ ನೀರು ಹಾಯಿಸುತ್ತಲೇ ಇರುತ್ತದೆ. ಮರಿ ಹೊರಬರುವಾಗ ತಾಯಿಯ ಚಿಕ್ಕ ರೂಪ. ಸಿಗಡಿಯ ಮರಿಗಳು ವಾರಗಟ್ಟಲೆ ನೀರಲ್ಲಿ ತೇಲಿ ದೂರದೂರ ಹೋಗುತ್ತವೆ, ಇವು ಹಾಗಲ್ಲ. ಹುಟ್ಟಿದ ಹುಲ್ಲಿನ ಆಸುಪಾಸಲ್ಲೇ ಬದುಕು. ಹಾಗಾಗಿ ಒಂದು ತುಂಡು ಹುಲ್ಲು ಹೋದರೆ, ಮತ್ತೆ ಜೀವ ಬರಬೇಕಾದ್ದು ಪಕ್ಕದ ತುಂಡಿನಿಂದ. ಪಕ್ಕದಲ್ಲಿ ಏನೂ ಉಳಿಯದಿದ್ದರೆ? ಹುಲ್ಲು ಮತ್ತೆ ಚಿಗುರಿದರೂ ಒಳಗೆ ವಾಸ ಮಾಡುವವರು ಬೇಗ ಬರುವುದಿಲ್ಲ.

ಮಾಂಡವಿಯ ಈ ಹುಲ್ಲಿನ ಬಗ್ಗೆ ವಿಜ್ಞಾನಿಗಳು 1981ರಲ್ಲೇ ಬರೆದಿದ್ದಾರೆ. ಆದರೂ ಇಂಥದೇ ಒಂದು ದಡದ ಬಗ್ಗೆ ವರದಿಯೊಂದರಲ್ಲಿ "ಬರೀ ಕೆಸರು" ಎಂದು ಓದಿ ಹೊಟ್ಟೆ ಉರಿದಿತ್ತು. ಸರ್ವೆ ನಡೆದದ್ದು ಜುಲೈನಲ್ಲಿ. ಮಳೆಗಾಲದ ಸಿಹಿನೀರು, ಕೆಂಪು ರಾಡಿಗೆ ಹುಲ್ಲು ತೆಳುವಾಗಿರುತ್ತದೆ, ಅಲ್ವಾ? ಫೆಬ್ರುವರಿಯಲ್ಲಿ ಬಂದು ನೋಡಬೇಕಿತ್ತು.

ಭರತದ ನೀರು ಏರತೊಡಗಿತ್ತು. ಹುಡುಗ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ, ನಾನು ಹುಲ್ಲು ತೆಗೆದ ಗುಂಡಿಯ ಪಕ್ಕದಲ್ಲೇ ಮೆಲ್ಲಗೆ ಸುರಿದ.