ಕಟಿಂಗ್ ಬಿಡಿ, ಪೆಟ್ರೋಲ್ ಯಾರು ಹಾಕಿಸ್ತಾರೆ ಕೇಳಿ

ತುಮಕೂರಿನಲ್ಲಿ ಹದಿಹರೆಯದವರ ಆಪ್ತಸಮಾಲೋಚನೆ ಮಾಡುವ ನನ್ನಂಥವರಿಗೆ ದಸರಾ ರಜೆ ಮುಗಿದ ಕೂಡಲೇ ಕೆಲಸ ಜಾಸ್ತಿಯಾಗುತ್ತದೆ. ಪಿಯುಸಿ ಮೊದಲ ವರ್ಷಕ್ಕೆ ಸೇರಿದ ಹುಡುಗ ಮೂರ್ನಾಲ್ಕು ತಿಂಗಳ ಮೇಲೆ ಊರಿಗೆ ಹೋಗಿರುತ್ತಾನೆ. ಅವನನ್ನು ನೋಡಿ ಮನೆಯವರಿಗೆ ಗಾಬರಿ. ಕಿವಿಯ ಮೇಲೆ ಎರಡೂ ಕಡೆ ಕೂದಲು ಬೋಳು, ನೆತ್ತಿಯಲ್ಲಿ ಮಾತ್ರ ಕುಚ್ಚು. ಹುಬ್ಬಿನಲ್ಲಿ ಬ್ಲೇಡಿನ ಗೀರು. ಕೈಗೆ ದಪ್ಪ ಕಡಗ, ಮೈಗೆ ಎರಡು ಸೈಜು ದೊಡ್ಡ ಕಪ್ಪು ಶರ್ಟು. ಮಾತಾಡಿಸಿದರೆ ಕಣ್ಣು ಕಿರಿದು ಮಾಡಿ ನೋಡುತ್ತಾನೆ. "ಸಾರ್, ಎಸ್ಸೆಸ್ಸೆಲ್ಸಿ ತನಕ ಚೆನ್ನಾಗೇ ಇದ್ದ. ಈಗ ರೌಡಿ ಆಗೋಗಿದಾನೆ" ಅಂತ ಅಪ್ಪ ಹೇಳುತ್ತಾರೆ. ಅಮ್ಮ ಅಳುತ್ತಿರುತ್ತಾರೆ. ಹುಡುಗ ಗೋಡೆ ನೋಡುತ್ತಿರುತ್ತಾನೆ.

ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ನಾನು ಕೇಳುವ ಮೊದಲ ಪ್ರಶ್ನೆ ಕೂದಲಿನದಲ್ಲ. "ದಿನಾ ಓಡಾಡೋಕೆ ಗಾಡಿ ಯಾರದು? ಪೆಟ್ರೋಲ್ ಯಾರು ಹಾಕಿಸ್ತಾರೆ?" ಅಂತ ಕೇಳುತ್ತೇನೆ. ಇದಕ್ಕೆ ಸಿಗುವ ಉತ್ತರದಿಂದ ನನಗೆ ಮುಕ್ಕಾಲು ಭಾಗ ವಿಷಯ ತಿಳಿದುಬಿಡುತ್ತದೆ. ಯಾಕೆ ಅನ್ನೋದನ್ನು ಹೇಳುವ ಮೊದಲು ಈ ವೇಷ ಎಲ್ಲಿಂದ ಬರುತ್ತದೆ ಅಂತ ನೋಡೋಣ.

ತುಮಕೂರಿಗೆ ಪಾವಗಡ, ಮಧುಗಿರಿ, ಶಿರಾ, ಕುಣಿಗಲ್ ಕಡೆಯಿಂದೆಲ್ಲ ಮಕ್ಕಳು ಓದಲು ಬರುತ್ತಾರೆ. ಕೆಲವರು ಹಾಸ್ಟೆಲ್, ಕೆಲವರು ರೂಮು, ಮಿಕ್ಕವರು ದಿನಾ ಬಸ್ಸು. ಪಾವಗಡ ಕಡೆಯ ಹುಡುಗನ ಕನ್ನಡದಲ್ಲಿ ತೆಲುಗಿನ ಎಳೆ ಇರುತ್ತದೆ. ತರಗತಿಯಲ್ಲಿ ಎದ್ದು ಉತ್ತರ ಹೇಳಿದರೆ ಹಿಂದಿನ ಬೆಂಚಿನಲ್ಲಿ ನಗು. ಬಸ್‌ಸ್ಟ್ಯಾಂಡಿನಲ್ಲಿ ಲೋಕಲ್ ಹುಡುಗರ ಗುಂಪು ಬ್ಯಾಗು ಎಳೆಯುತ್ತದೆ, ಹತ್ತು ರೂಪಾಯಿ ಕೇಳುತ್ತದೆ. ಊರಿನಲ್ಲಿ ಇವನು ಇಂಥವರ ಮಗ ಅಂತ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಅಂಥ ಒಬ್ಬ ಹುಡುಗನನ್ನು, "ಮೊದಲ ಸಲ ಈ ಕಟಿಂಗ್ ಮಾಡಿಸಿದಾಗ ಏನಾಯ್ತಪ್ಪ?" ಅಂತ ಕೇಳಿದೆ. "ಏನಿಲ್ಲ ಸಾರ್. ಆಮೇಲೆ ಯಾರೂ ತಂಟೆಗೆ ಬರಲಿಲ್ಲ" ಅಂದ. ನಾಯಿ ಕಂಡ ಬೆಕ್ಕು ಮೈಕೂದಲು ನಿಮಿರಿಸಿ ದೊಡ್ಡದಾಗಿ ಕಾಣುತ್ತದಲ್ಲ, ಇದೂ ಅಷ್ಟೇ. ಹೆದರಿಸುವ ವೇಷ ಹಾಕಿದ ಹುಡುಗರಲ್ಲಿ ಬಹಳ ಮಂದಿ ಮೊದಲು ಹೆದರಿದವರೇ.

ಇನ್ನೊಂದು ಕಾರಣವೂ ಇದೆ. ಟೆರ್ರಿ ಮಾಫಿಟ್ ಅನ್ನುವ ಮನಶ್ಶಾಸ್ತ್ರಜ್ಞೆ 1993ರಲ್ಲಿ ಅದನ್ನು ಚೆನ್ನಾಗಿ ವಿವರಿಸಿದ್ದಾರೆ. ಹದಿನಾರಕ್ಕೆ ಮೈ ಬೆಳೆದಿರುತ್ತದೆ, ಮೀಸೆ ಚಿಗುರಿರುತ್ತದೆ. ಆದರೆ ದುಡಿಮೆ, ಮದುವೆ, ಮನೆಯಲ್ಲಿ ಮಾತಿನ ತೂಕ, ಯಾವುದೂ ಇನ್ನೂ ಹತ್ತು ವರ್ಷ ಇಲ್ಲ. ಆ ನಡುವಿನ ಕಾಲದಲ್ಲಿ ದೊಡ್ಡವನ ಹಾಗೆ ಕಾಣಲು ಸುಲಭದ ದಾರಿ ಅಂದರೆ ಬೇಡ ಅಂದಿದ್ದನ್ನು ಮಾಡುವುದು. ಇಂಥವರಲ್ಲಿ ಹೆಚ್ಚಿನವರು ಕೆಲಸ, ಜವಾಬ್ದಾರಿ ಬಂದ ಮೇಲೆ ತಾವೇ ಸರಿಹೋಗುತ್ತಾರೆ. ಚಿಕ್ಕಂದಿನಿಂದಲೇ ಹೊಡೆದಾಟ, ಕಳ್ಳತನ ಅಂತ ಬಂದು ದೊಡ್ಡವರಾದ ಮೇಲೂ ಬಿಡದವರ ಗುಂಪು ಬೇರೆ, ಅದು ಬಹಳ ಸಣ್ಣದು. ಎರಡೂ ಗುಂಪಿನವರು ಹದಿನಾರರ ವಯಸ್ಸಿನಲ್ಲಿ ಮಾತ್ರ ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ತಾಪತ್ರಯ ಇರೋದೇ ಅಲ್ಲಿ.

ರೀಲ್ಸ್ ಬಗ್ಗೆ ಹೇಳದಿದ್ದರೆ ಆಗಲ್ಲ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು. ಮೊದಲೆಲ್ಲ ಬೆಂಗಳೂರಿನ ಸ್ಟೈಲು ಎಪ್ಪತ್ತು ಕಿಲೋಮೀಟರ್ ದಾಟಿ ಇಲ್ಲಿಗೆ ಬರಲು ಒಂದು ಸಿನಿಮಾನೋ ಒಂದು ಜಾತ್ರೆನೋ ಬೇಕಿತ್ತು. ಈಗ ಕೊರಟಗೆರೆಯ ಹುಡುಗನಿಗೂ ಅದೇ ರಾತ್ರಿ ತಲುಪುತ್ತದೆ. ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಮಾಡಿದ ಒಂದು ಪ್ರಯೋಗವಿದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟು, ಕೆಲವರನ್ನು ಒಬ್ಬೊಬ್ಬರೇ ಆಡಿಸಿದರು, ಕೆಲವರನ್ನು ಗೆಳೆಯರ ಎದುರಿಗೆ. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಅಪಾಯಕ್ಕೆ ಕೈಹಾಕಿದ್ದು ತುಂಬ ಜಾಸ್ತಿ. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈಗ ಯೋಚಿಸಿ, ಜೇಬಿನಲ್ಲಿ ಫೋನ್ ಇರುವ ಹುಡುಗನನ್ನು ಗೆಳೆಯರು ನೋಡದೇ ಇರುವ ಹೊತ್ತು ಯಾವುದು?

ದೊಡ್ಡವರು ಇದಕ್ಕೆಲ್ಲ ಏನು ಮಾಡುತ್ತೇವೆ? ಕತ್ತರಿ ಹಿಡಿಯುತ್ತೇವೆ. ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಎದುರು ನಿಲ್ಲಿಸಿ ಕೂದಲು ಅಡ್ಡಾದಿಡ್ಡಿ ಕತ್ತರಿಸುವ ಮೇಷ್ಟರು ಈಗಲೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಪಕ್ಕಕ್ಕಿರಲಿ, ಇದರಿಂದ ಉಪಯೋಗವೂ ಇಲ್ಲ. ಅವಮಾನವಾದ ಹುಡುಗ ಆ ದಿನ ಸಂಜೆ ಮನೆಗೆ ಹೋಗಲ್ಲ. ತನ್ನನ್ನು ನೋಡಿ ನಗದವರ ಹತ್ತಿರ ಹೋಗುತ್ತಾನೆ. ಅವರು ಯಾರು ಅನ್ನೋದು ನಮಗೆ ಗೊತ್ತಿರಲ್ಲ. ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು 2023ರಲ್ಲಿ ಬೇರೆ ದಾರಿ ಹಿಡಿದರು. ವಿದ್ಯಾರ್ಥಿಗಳಿಗೆ ಸುದೀಪ್ ಸಿನಿಮಾದಿಂದ ಬಂದ 'ಹೆಬ್ಬುಲಿ ಕಟಿಂಗ್' ಮಾಡಬೇಡಿ ಅಂತ ಊರಿನ ಕಟಿಂಗ್ ಶಾಪಿನವರಿಗೇ ಪತ್ರ ಬರೆದರು. ಬಹಳ ಜನ ನಕ್ಕರು. ನನಗೆ ಮಾತ್ರ ಅದು ಮರ್ಯಾದೆಯ ದಾರಿ ಅನಿಸಿತು. ಮಗುವಿನ ತಲೆಗೆ ಕೈ ಹಾಕದೆ ದೊಡ್ಡವರು ದೊಡ್ಡವರ ಹತ್ತಿರ ಮಾತಾಡಿಕೊಂಡರು. ಅಂದಹಾಗೆ, ನಮ್ಮೂರಿನ ಹುಡುಗರ ಬಗ್ಗೆ ಕಟಿಂಗ್ ಶಾಪಿನವರಿಗೆ ತಿಳಿದಷ್ಟು ನಮಗೆ ಯಾರಿಗೂ ತಿಳಿದಿಲ್ಲ. ಯಾರ ಜೊತೆ ಬಂದ, ದುಡ್ಡು ಯಾರು ಕೊಟ್ಟರು, ಎಲ್ಲ ಅವರಿಗೆ ಗೊತ್ತು.

ಭಯದ ಸುದ್ದಿಯೇ ವೇಷವನ್ನು ಬೆಳೆಸುತ್ತದೆ ಅನ್ನೋದೂ ಹಳೆಯ ಸಂಗತಿ. 1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್ ಅನ್ನುವ ಕಡಲ ತೀರದ ಊರಿನಲ್ಲಿ ಮಾಡ್ಸ್, ರಾಕರ್ಸ್ ಅನ್ನುವ ಎರಡು ಥರದ ಹುಡುಗರು ಗಲಾಟೆ ಮಾಡಿದರು. ಆದ ನಷ್ಟ ದೊಡ್ಡದೇನಲ್ಲ. ಪತ್ರಿಕೆಗಳು ಮಾತ್ರ ಊರೇ ಹಾಳಾಯಿತು ಅನ್ನುವಂತೆ ಬರೆದವು. ಸ್ಟ್ಯಾನ್ಲಿ ಕೋಹೆನ್ ಅನ್ನುವ ಸಮಾಜಶಾಸ್ತ್ರಜ್ಞ ಇದನ್ನೇ ಕೂತು ಅಧ್ಯಯನ ಮಾಡಿದರು. ಸುದ್ದಿ ದೊಡ್ಡದಾದ ಹಾಗೆ ಗುಂಪುಗಳ ನಡುವಿನ ಗೆರೆಯೂ ಗಟ್ಟಿಯಾಯಿತು ಅಂತ ತೋರಿಸಿಕೊಟ್ಟರು. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪುಗಳಲ್ಲಿ ಸಿಸಿಟಿವಿ ತುಣುಕು ಹರಿದಾಡುವುದನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ. ಜನರ ಕೋಪ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ನಮ್ಮ ಹೆದ್ದಾರಿಯೇ ಸಾಕ್ಷಿ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ ವೀಲಿಂಗ್ ಮಾಡುತ್ತಿದ್ದವರ ಸ್ಕೂಟರ್‌ಗಳನ್ನು ಜನ ಫ್ಲೈಓವರ್ ಮೇಲಿನಿಂದ ಕೆಳಗೆ ಎಸೆದರು. ವೀಲಿಂಗ್ ಮಾಡುವವರಿಂದ ಪಕ್ಕದಲ್ಲಿ ಹೋಗುವವರ ಜೀವಕ್ಕೆ ಅಪಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಿಡಿಯೋವನ್ನು ನನ್ನ ಹತ್ತಿರ ಬರುವ ಹುಡುಗರು ಹೆದರಿಕೊಂಡು ನೋಡಲಿಲ್ಲ, ಹೆಮ್ಮೆಯಿಂದ ಶೇರ್ ಮಾಡಿದರು.

ಈಗ ಪೆಟ್ರೋಲ್ ವಿಷಯಕ್ಕೆ ಬರೋಣ.

ಈ ವೇಷಕ್ಕೆ ದುಡ್ಡು ಬೇಕು. ಎರಡು ವಾರಕ್ಕೊಮ್ಮೆ ಕಟಿಂಗ್, ಕಲರ್, ಶೂ, ಗಾಡಿಗೆ ಸದ್ದು ಮಾಡುವ ಸೈಲೆನ್ಸರ್. ಆರ್‌ಎಕ್ಸ್ ಗಾಡಿಯ ಹುಚ್ಚು ಹಿಡಿದರಂತೂ ಮುಗಿಯಿತು. ಯಮಹಾ ಆರ್‌ಎಕ್ಸ್ 100 ತಯಾರಿ ನಿಂತಿದ್ದು 1996ರಲ್ಲಿ, ಈ ಮಕ್ಕಳು ಹುಟ್ಟುವುದಕ್ಕೂ ಎಷ್ಟೋ ಮೊದಲು. ಅದರ ರಿಪೇರಿಗೆ ಸುರಿದಷ್ಟೂ ಸಾಲದು. ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ ಇಷ್ಟು ದುಡ್ಡು ಕೊಡಲ್ಲ. ಹಾಗಾದರೆ ಎಲ್ಲಿಂದ ಬರುತ್ತದೆ? ಕೆಲವರು ಮದುವೆ ಮನೆಯಲ್ಲಿ ಬಡಿಸಲು ಹೋಗುತ್ತಾರೆ. ಗುಬ್ಬಿ ಕಡೆಯವರು ಸೀಜನ್ನಿನಲ್ಲಿ ಅಡಿಕೆ ಸುಲಿಯಲು ಕೂರುತ್ತಾರೆ. ಇಂಥ ಉತ್ತರ ಬಂದರೆ ನನಗೆ ನಿರಾಳ. ಹಚ್ಚೆ ಇರಲಿ, ಹುಬ್ಬು ಗೀರಿಕೊಂಡಿರಲಿ, ತಾನೇ ದುಡಿದ ದುಡ್ಡಿನಲ್ಲಿ ಸ್ಟೈಲ್ ಮಾಡುವ ಹುಡುಗನನ್ನು ಬೆಳಿಗ್ಗೆ ಎಬ್ಬಿಸಲು ಒಬ್ಬ ಕಂಟ್ರಾಕ್ಟರ್ ಇರುತ್ತಾನೆ.

"ಅಣ್ಣ ಕೊಡ್ತಾರೆ ಸಾರ್" ಅಂದರೆ ನಾನು ಕುರ್ಚಿಯಲ್ಲಿ ಮುಂದೆ ಬಾಗಿ ಕೂರುತ್ತೇನೆ.

ಈ ಅಣ್ಣ ಇಪ್ಪತ್ತೈದು, ಮೂವತ್ತು ವರ್ಷದವನು. ಏರಿಯಾದಲ್ಲಿ ಹವಾ ಇಟ್ಟವನು. ಮೊದಲಿಗೆ ಏನೂ ಕೇಳುವುದಿಲ್ಲ. ಗಾಡಿ ಕೀ ಕೊಡುತ್ತಾನೆ, ಬಿರಿಯಾನಿ ಕೊಡಿಸುತ್ತಾನೆ, ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸಿದಾಗ ಕೆಳಗಿನ ಸಾಲಿನಲ್ಲಿ ಇವನದೂ ಒಂದು ಫೋಟೋ ಸೇರಿಸುತ್ತಾನೆ. ಊರು ಬಿಟ್ಟು ಬಂದ ಹುಡುಗನಿಗೆ ಪಟ್ಟಣದಲ್ಲಿ ತನ್ನ ಮುಖ ಮೊದಲ ಸಲ ಕಂಡ ಜಾಗ ಅದು. ಆಮೇಲೆ ಒಂದು ದಿನ ಫೋನ್ ಬರುತ್ತದೆ. "ನಾಲ್ಕು ಜನ ಬನ್ರೋ. ಏನೂ ಮಾಡೋದು ಬೇಡ, ಸುಮ್ನೆ ಹಿಂದೆ ನಿಂತ್ಕಳಿ." ಮೀಟರ್ ಬಡ್ಡಿ ವಸೂಲಿ ಇರಬಹುದು, ಸೈಟಿನ ತಕರಾರು ಇರಬಹುದು. ಹುಡುಗನಿಗೆ ವಿಷಯ ಏನೂ ಗೊತ್ತಿರುವುದಿಲ್ಲ. ಆ ಕಟಿಂಗ್, ಆ ಕಡಗ, ಆ ನೋಟ ಇಲ್ಲಿ ಕೆಲಸಕ್ಕೆ ಬರುತ್ತವೆ. ತನ್ನನ್ನು ಕಾಪಾಡಿಕೊಳ್ಳಲು ಹಾಕಿದ ವೇಷವನ್ನು ಈಗ ಬೇರೆಯವನು ಬಾಡಿಗೆಗೆ ತೆಗೆದುಕೊಂಡಿದ್ದಾನೆ. ಬಾಡಿಗೆ ಎಷ್ಟು? ಒಂದು ಲೀಟರ್ ಪೆಟ್ರೋಲ್.

ಕಾನೂನು ಇಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ತಂದೆತಾಯಿಗೆ ಬಿಡಿಸಿ ಹೇಳುತ್ತೇನೆ. ಹದಿನೆಂಟು ತುಂಬದವರ ವಿಷಯ 2015ರ ಬಾಲನ್ಯಾಯ ಕಾಯ್ದೆಯ ಕೆಳಗೆ ಬರುತ್ತದೆ. 2016ರ ಮಾದರಿ ನಿಯಮಗಳ ಪ್ರಕಾರ ಸಣ್ಣಪುಟ್ಟ ತಪ್ಪಿಗೆ ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದುಕೊಂಡು, ಮನೆಯ ಪರಿಸ್ಥಿತಿಯ ವರದಿಯ ಜೊತೆ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಎಫ್‌ಐಆರ್ ಆಗುವುದು ಘೋರ ಅಪರಾಧವಾದರೆ, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದಾದರೆ. ಅಂದರೆ ಗೆಳೆಯನ ಜೊತೆ ಗುರಾಯಿಸಿಕೊಂಡು ಹೊಡೆದಾಡಿದ ಹುಡುಗನಿಗಿಂತ, ಅಣ್ಣನ ಹಿಂದೆ ಸುಮ್ಮನೆ ನಿಂತವನೇ ದೊಡ್ಡ ತೊಂದರೆಗೆ ಸಿಕ್ಕಿಕೊಳ್ಳಬಹುದು. ಅದೇ ಕಾಯ್ದೆಯ 83ನೇ ಸೆಕ್ಷನ್ ಅಣ್ಣಂದಿರಿಗೆ ಮೀಸಲು. ಕಾನೂನುಬಾಹಿರ ಕೆಲಸಕ್ಕೆ ಮಕ್ಕಳನ್ನು ಬಳಸಿದ ವಯಸ್ಕರಿಗೆ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ ಅಂತ ಅದು ಹೇಳುತ್ತದೆ. ಹುಡುಗರಿಗೆ ಇದನ್ನು ಓದಿ ಹೇಳುತ್ತೇನೆ. ಅಣ್ಣ ಯಾಕೆ ಹದಿನೆಂಟರ ಒಳಗಿನವರನ್ನೇ ಕರೆಯುತ್ತಾನೆ ಅಂತ ಒಬ್ಬ ಹುಡುಗ ತಾನೇ ಲೆಕ್ಕ ಹಾಕಿದ್ದ: "ಸಿಕ್ಕಾಕಿದ್ರೆ ನಾವು ಬೇಗ ಆಚೆ ಬರ್ತೀವಿ ಅಂತ, ಅಲ್ವಾ ಸಾರ್?"

ಮಚ್ಚಿನ ರೀಲ್ಸ್ ಬಗ್ಗೆಯೂ ಒಂದೆರಡು ಮಾತು. ತಿಪಟೂರು, ಗುಬ್ಬಿ ಕಡೆ ತೆಂಗಿನಕಾಯಿ ಕೆತ್ತಲು ಮನೆಮನೆಯಲ್ಲೂ ಮಚ್ಚು ಇರುತ್ತದೆ, ಅದರಲ್ಲಿ ತಪ್ಪೇನಿಲ್ಲ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲುಗಿರುವ ಹತ್ಯಾರುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿರುವ ನಿಯಮವೇ ಮನೆಗೆಲಸ, ಬೇಸಾಯಕ್ಕೆ ಮಾಡಿದವನ್ನು ಹೊರಗಿಟ್ಟಿದೆ. ಆದರೆ ಅದೇ ಮಚ್ಚಿನಲ್ಲಿ ಕೇಕ್ ಕತ್ತರಿಸಿ, ಹಿನ್ನೆಲೆಗೆ ಡೈಲಾಗ್ ಹಾಕಿ, 'ಟೈಮ್ ಬರುತ್ತೆ' ಅಂತ ಬರೆದು ಅಪ್‌ಲೋಡ್ ಮಾಡಿದರೆ ಅದು ತೆಂಗಿನಕಾಯಿ ಕೆತ್ತುವ ಮಚ್ಚು ಅಂತ ಪೊಲೀಸರ ಎದುರು ವಾದಿಸುವುದು ಕಷ್ಟ. ಎದುರು ಗುಂಪಿನವರೂ ಅದನ್ನು ನೋಡುತ್ತಾರೆ. ಅವರು ತಮಾಷೆ ಅಂದುಕೊಳ್ಳುವುದಿಲ್ಲ.

ಗಾಡಿಯ ವಿಷಯದಲ್ಲಿ ತಂದೆತಾಯಿಯರ ಮೇಲೆ ನನಗೆ ಸಿಟ್ಟಿದೆ. ಮಗ ಫಸ್ಟ್ ಕ್ಲಾಸ್ ಬಂದ ಅಂತ ಸ್ಕೂಟರ್ ಕೊಡಿಸುತ್ತಾರೆ. ಹದಿನಾರಕ್ಕೆ 50 ಸಿಸಿ ಮೀರದ ಗಾಡಿಗೆ ಮಾತ್ರ ಲೈಸೆನ್ಸ್ ಸಿಗುತ್ತದೆ, ಕೊಡಿಸುವುದು 110 ಸಿಸಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 199ಎ ಸೆಕ್ಷನ್ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹುಡುಗರಿಗೆ ಬೇರೆ ಯಾವ ಮಾತೂ ನಾಟುವುದಿಲ್ಲ, ಈ ಕೊನೆಯ ಮಾತು ನಾಟುತ್ತದೆ.

ಹಾಗೇ ನಾಟುವ ಇನ್ನೊಂದು ಸಂಗತಿ ಹಚ್ಚೆಯದು. ಸೇನೆಗೆ ಸೇರುವ ಆಸೆ ಇರುವ ಹುಡುಗರು ನಮ್ಮಲ್ಲಿ ಬಹಳ. ಸೇನಾ ಭರ್ತಿಯಲ್ಲಿ ಸಾಮಾನ್ಯವಾಗಿ ಹಚ್ಚೆ ಒಪ್ಪುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಭಾಗದಲ್ಲಿ ಮಾತ್ರ. ಕುತ್ತಿಗೆಯ ಮೇಲೆ ಸಿಂಹದ ಮುಖ ಬರೆಸಿಕೊಂಡರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಕೂದಲು ತಿಂಗಳಿಗೆ ಬೆಳೆಯುತ್ತದೆ, ಹುಬ್ಬು ಕೂಡುತ್ತದೆ, ಇದು ಹೋಗುವುದಿಲ್ಲ. ಮನೆಯಲ್ಲಿ ಜಗಳ ಆಡಲೇಬೇಕು ಅಂದರೆ ಹಚ್ಚೆಗೆ ಆಡಿ, ಕಟಿಂಗ್‌ಗೆ ಆಡಬೇಡಿ.

ಅಣ್ಣನ ಕೈಯಿಂದ ಬಿಡಿಸುವುದು ಹೇಗೆ? ಬೈದರೆ, ಫೋನ್ ಕಿತ್ತುಕೊಂಡರೆ ಆಗಲ್ಲ. ಹುಡುಗನಿಗೆ ಅಲ್ಲಿ ಋಣ ಇರುತ್ತದೆ, ಹೆಚ್ಚಿನ ಸಲ ಸಾಲವೂ ಇರುತ್ತದೆ. ಎಷ್ಟು ಅಂತ ಬೈಯದೆ ಕೇಳಿ ತಿಳಿದುಕೊಳ್ಳಿ. ಅಪ್ಪನೋ ಸೋದರಮಾವನೋ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹಗಲಿನಲ್ಲಿ ಹೋಗಿ, ಗಾಡಿ ಕೀ ವಾಪಸ್ ಕೊಟ್ಟು, ದುಡ್ಡು ತೀರಿಸಿ, "ಇನ್ಮೇಲೆ ಇವನನ್ನು ಕರೀಬೇಡಪ್ಪ" ಅಂತ ನಯವಾಗಿ ಹೇಳಿ ಬರಬೇಕು. ಹುಡುಗನನ್ನು ಕರೆದುಕೊಂಡು ಹೋಗಬೇಡಿ, ಅವನ ಎದುರಿಗೆ ಅಣ್ಣನೂ ತಗ್ಗಲಾರ, ಹುಡುಗನೂ ತಗ್ಗಲಾರ. ಹೀಗೆ ಹಿಂದೆ ದೊಡ್ಡವರಿದ್ದಾರೆ ಅಂತ ಗೊತ್ತಾದ ಹುಡುಗನನ್ನು ಇಂಥವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅವರಿಗೆ ಬೇಕಾಗಿರುವುದು ಕೇಳುವವರಿಲ್ಲದ ಹುಡುಗರು. ಬೆದರಿಕೆ ಬಂದರೆ, ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಅವರನ್ನೇ ಕೇಳಿ ಮಾತಾಡಿ. ಮಕ್ಕಳ ಸಹಾಯವಾಣಿ 1098 ಇದೆ. ಎಫ್‌ಐಆರ್ ಆದ ಮೇಲೆ ನನ್ನ ಹತ್ತಿರ ಬರುವವರೇ ಜಾಸ್ತಿ. ಫ್ಲೆಕ್ಸಿನಲ್ಲಿ ಮಗನ ಫೋಟೋ ಕಂಡ ವಾರವೇ ಬಂದರೆ ಕೆಲಸ ಎಷ್ಟೋ ಸಲೀಸು.