ತಾರಸಿಗೆ ಬಿಳಿ ಬಳಿದರೆ ಸೆಕೆ ಇಳಿಯುತ್ತದೆಯೇ?

ಪ್ರಶ್ನೆ: ಬೇಸಿಗೆ ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತಿದೆ. ತಾರಸಿಗೆ ಬಿಳಿ ಬಳಿಸಿದರೆ ಮನೆ ತಂಪಾಗುತ್ತದೆ ಎನ್ನುತ್ತಾರೆ. ಎಷ್ಟು ನಿಜ? ಹವಾಮಾನ ಬದಲಾವಣೆ ತಡೆಯಲು ಇದರಿಂದೇನಾದರೂ ಉಪಯೋಗವಿದೆಯೇ?

ಉತ್ತರ: ತಂಪಾಗುತ್ತದೆ, ಆದರೆ ತಾರಸಿಯ ಕೆಳಗೇ ಇರುವ ಮಹಡಿ ಮಾತ್ರ. ಅದಕ್ಕೂ ಕೆಳಗಿನವರಿಗೆ ವ್ಯತ್ಯಾಸ ಗೊತ್ತಾಗುವುದು ಕಡಿಮೆ.

ನಡುಮಧ್ಯಾಹ್ನದ ಬಿಸಿಲಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಶಕ್ತಿ ಬಂದು ಬೀಳುತ್ತದೆ. ಕಪ್ಪಿಟ್ಟ ಹಳೆಯ ಕಾಂಕ್ರೀಟು ಅದರಲ್ಲಿ ಮುಕ್ಕಾಲು ಪಾಲನ್ನು ಹೀರಿಕೊಳ್ಳುತ್ತದೆ. ಒಳ್ಳೆಯ ಬಿಳಿ ಲೇಪ ಹೊಸದರಲ್ಲಿ ಹೀರುವುದು ಶೇ 20ರಷ್ಟು. ಹಾಗಾಗಿ ಗಾಢ ಬಣ್ಣದ ಚಾವಣಿ 65 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬಿಳಿಯದು 25 ಡಿಗ್ರಿಗೂ ಹೆಚ್ಚು ತಣ್ಣಗಿರಬಲ್ಲದು. ಕೋಣೆಯೊಳಗೆ ಅಷ್ಟು ಇಳಿಯುವುದಿಲ್ಲ. ಎಸಿ ಇಲ್ಲದ ಮನೆಗಳಲ್ಲಿ ಸಾಮಾನ್ಯವಾಗಿ 1ರಿಂದ 3 ಡಿಗ್ರಿ. ಇಷ್ಟೇನಾ ಅನ್ನಿಸಬಹುದು. ಆದರೆ ಸ್ಲ್ಯಾಬು ಮಧ್ಯಾಹ್ನ ಕುಡಿದ ಕಾವನ್ನು ಕೆಲವು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ರಾತ್ರಿ ಮಲಗಿದಾಗ ಮೇಲಿನಿಂದ ಮುಖಕ್ಕೆ ರಾಚುವುದು ಅದೇ, ಫ್ಯಾನು ತಿರುವಿಹಾಕುವುದೂ ಅದೇ ಬಿಸಿಗಾಳಿಯನ್ನು. ಬಿಸಿಲಲೆಯ ದಿನಗಳಲ್ಲಿ ರಾತ್ರಿಯೂ ಮೈ ತಣಿಯದಿದ್ದರೆ ವಯಸ್ಸಾದವರಿಗೆ ಜೀವಕ್ಕೇ ಕುತ್ತು.

ಕಡಿಮೆ ಖರ್ಚಿನದು ಸುಣ್ಣ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು; ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. 24 ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ, 10 ಲೀಟರಿಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿ. ಮಳೆಗಾಲ ಬಂದರೆ ಇದು ತೊಳೆದುಹೋಗುತ್ತದೆ, ಪ್ರತಿ ಬೇಸಿಗೆಗೂ ಹೊಸದಾಗಿ ಬಳಿಯಬೇಕು. ಮಳೆನೀರು ಹಿಡಿಯುವವರು ಮೊದಲ ಮಳೆಗಳ ನೀರನ್ನು ಹೊರಗೆ ಬಿಡಲಿ.

ಕೆಲವು ವರ್ಷ ಬಾಳಿಕೆ ಬೇಕಿದ್ದರೆ ಬಿಸಿಲು ಪ್ರತಿಫಲಿಸುವ ಅಕ್ರಿಲಿಕ್ ಲೇಪ. ಎರಡು ಕೋಟು ಬಳಿಯಲು ಚದರ ಮೀಟರಿಗೆ ಅರ್ಧದಿಂದ ಒಂದು ಲೀಟರ್ ಹಿಡಿಯುತ್ತದೆ. ಎರಡನೆಯ ಕೋಟು ಮೊದಲಿನದಕ್ಕೆ ಅಡ್ಡಲಾಗಿ ಬರಲಿ. ನೀರು ಹೆಚ್ಚು ಬೆರೆಸಿ ಡಬ್ಬ ಉಳಿಸಿದರೆ ಉಳಿದದ್ದು ಡಬ್ಬ ಮಾತ್ರ. ಹೊಸ ಕಾಂಕ್ರೀಟಿಗೆ 28 ದಿನ ಕಾಯಿರಿ. ಕಾದ ತಾರಸಿಯ ಮೇಲೆ ಮಧ್ಯಾಹ್ನ ಬಳಿದರೆ ಲೇಪ ಅಂಟುವ ಮೊದಲೇ ಒಣಗಿಬಿಡುತ್ತದೆ, ಬೆಳಿಗ್ಗೆಯೇ ಮುಗಿಸಿ.

ಲೇಪ ಕೆಡುವುದು ಹೆಚ್ಚಾಗಿ ಬಣ್ಣದ ದೋಷದಿಂದಲ್ಲ, ಅಡಿಯ ತೇವದಿಂದ. ಪಾಚಿ ಕೆರೆಯದೆ, ಬಿರುಕು ಮುಚ್ಚದೆ ಬಳಿದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ನೀರು ನಿಲ್ಲುವ ತಗ್ಗು ಇದ್ದರೆ ಮೊದಲು ಇಳಿಜಾರು ಸರಿಮಾಡಿಸಿ.

ಅಂಟಿದ ಮೇಲಿನ ಶತ್ರು ಧೂಳು. ಬೆಳಕು ಮರಳಿಸುವ ಪ್ರಮಾಣ ಶೇ 80 ಇದ್ದದ್ದು ಒಂದೆರಡು ವರ್ಷದಲ್ಲಿ 60ರ ಆಸುಪಾಸಿಗೆ ಕುಸಿಯಬಹುದು. ಬೇಸಿಗೆಗೆ ಮುಂಚೆ ಒಮ್ಮೆ ಉಜ್ಜಿ ತೊಳೆದರೆ ಬಹುಪಾಲು ಮರಳುತ್ತದೆ.

ಫಳಫಳ ಹೊಳೆಯುವ ಲೋಹದ ಶೀಟು ಇನ್ನೂ ಒಳ್ಳೆಯದಲ್ಲವೇ ಎಂದೂ ಕೇಳುತ್ತಾರೆ. ಅಲ್ಲ. ಅದು ಬೆಳಕನ್ನು ಚೆನ್ನಾಗಿ ಮರಳಿಸುತ್ತದೆ, ಆದರೆ ಹೀರಿದ ಅಷ್ಟಿಷ್ಟು ಶಾಖವನ್ನು ಆಕಾಶಕ್ಕೆ ಸೂಸಲಾರದು, ಹಾಗಾಗಿ ಕಾದೇ ಇರುತ್ತದೆ. ಅದೇ ಶೀಟಿಗೆ ಬಿಳಿ ಬಳಿದರೆ ತಣ್ಣಗಾಗುತ್ತದೆ.

ಇನ್ನು ಹವಾಮಾನ. ಬಿಳಿ ಚಾವಣಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ತೆಗೆಯುವುದಿಲ್ಲ. ಇದು ಮುಖ್ಯವಾಗಿ ಬಿಸಿಗೆ ಹೊಂದಿಕೊಳ್ಳುವ ದಾರಿ. ಎಸಿ ಓಡುವುದು ಕಡಿಮೆಯಾದಷ್ಟು ವಿದ್ಯುತ್ತು ಉಳಿಯುತ್ತದೆ. ಎಸಿ ಬೀದಿಗೆ ಉಗುಳುವ ಬಿಸಿಯೂ ತಗ್ಗುತ್ತದೆ. ಬೀದಿಯ ಗಾಳಿ ತಣಿಯಬೇಕಾದರೆ ಒಂದು ಮನೆ ಸಾಲದು, ಬಡಾವಣೆಗಳೇ ಬಿಳಿಯಾಗಬೇಕು. ನ್ಯೂಯಾರ್ಕ್ ನಗರ 2009ರಲ್ಲಿ ಇಂಥ ಕಾರ್ಯಕ್ರಮ ಶುರುಮಾಡಿದ್ದು ಅದಕ್ಕೇ. ಚಳಿಗಾಲ ದೀರ್ಘವಾಗಿ, ಮನೆ ಬೆಚ್ಚಗಿಡಲೇ ಹೆಚ್ಚು ಇಂಧನ ಸುಡುವ ಕಡೆ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಬಣ್ಣದ ಹಣವನ್ನು ಚಾವಣಿಯ ಶಾಖನಿರೋಧಕ ಪದರಕ್ಕೆ ಹಾಕುವುದು ಜಾಣತನ.