ಒಳಗಿದ್ದವನ ಮೇಲೆ ಪಿಟ್ ಆದೇಶ: ಕಡತ ಸೋಲುವುದು ಜಾಮೀನಿನ ಸಾಲಿನಲ್ಲಿ

ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲಿನಲ್ಲೋ ಉಡುಪಿಯ ಹಿರಿಯಡ್ಕದಲ್ಲೋ ಮಾದಕವಸ್ತು ಕೇಸಿನ ವಿಚಾರಣಾಧೀನ ಕೈದಿಯಾಗಿ ಇರುವವನಿಗೆ ಅಲ್ಲೇ ಪಿಟ್ ಎನ್‌ಡಿಪಿಎಸ್ ಕಾಯ್ದೆಯಡಿ ಇನ್ನೊಂದು ಬಂಧನಾದೇಶ (ಶಿಕ್ಷೆಗಲ್ಲ, ಮುಂದೆ ಸಾಗಾಟ ಮಾಡದಂತೆ ತಡೆಯುವ ಮುಂಜಾಗ್ರತಾ ಬಂಧನ) ಜಾರಿಯಾದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಒಳಗೇ ಇದ್ದಾನಲ್ಲ, ಮತ್ತೆ ಎಂಥ ಬಂಧನ?’ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಸುಪ್ರೀಂ ಕೋರ್ಟು ಅರುವತ್ತರ ದಶಕದಿಂದಲೂ ಇದನ್ನೇ ಕೇಳುತ್ತ ಬಂದಿದೆ. 1990ರ ಕಮರುನ್ನಿಸಾ ತೀರ್ಪು ಮೂರು ಅಂಶಗಳಲ್ಲಿ ಉತ್ತರ ಕೊಟ್ಟಿತು: ಆತ ಬಂಧನದಲ್ಲಿದ್ದಾನೆಂದು ಆದೇಶ ಹೊರಡಿಸುವವರಿಗೆ ಗೊತ್ತಿರಬೇಕು, ಜಾಮೀನಾಗುವ ನಿಜವಾದ ಸಾಧ್ಯತೆಯೂ, ಹೊರಬಂದರೆ ಮತ್ತೆ ಅದೇ ದಂಧೆಗೆ ಇಳಿಯುವ ಸಂಭವವೂ ಇದೆ ಎನ್ನಲು ನಂಬಬಹುದಾದ ಆಧಾರ ಬೇಕು, ತಡೆಯಲು ಈ ಬಂಧನ ಅಗತ್ಯ ಎಂಬ ತೀರ್ಮಾನಕ್ಕೆ ಅವರು ಬಂದಿರಬೇಕು. ಮೊದಲನೆಯದರಲ್ಲಿ ಎಡವುವವರು ಕಡಿಮೆ. ಎರಡನೆಯದರಲ್ಲೇ ಕಡತಗಳು ಬೀಳುವುದು.

ಅದಕ್ಕೆ ಮೊದಲು ಒಂದು ಗೊಂದಲ ಬಿಡಿಸಬೇಕು. ಮುಂಜಾಗ್ರತಾ ಬಂಧನಕ್ಕೇ ಇರುವ ಕರ್ನಾಟಕದ 1985ರ ಗೂಂಡಾ ಕಾಯ್ದೆಯಲ್ಲೂ ‘ಡ್ರಗ್ ಅಫೆಂಡರ್’ (ಮಾದಕವಸ್ತು ಅಪರಾಧಿ) ಇದ್ದಾನೆ. ಅಲ್ಲಿ ಸರ್ಕಾರ ಅಧಿಕಾರ ಕೊಟ್ಟಿದ್ದರೆ ಮಂಗಳೂರಿನಲ್ಲಿ ಪೊಲೀಸ್ ಕಮಿಷನರ್, ಉಡುಪಿಯಲ್ಲಿ ಜಿಲ್ಲಾಧಿಕಾರಿ ಆದೇಶ ಹೊರಡಿಸಬಹುದು, 12 ದಿನದೊಳಗೆ ಸರ್ಕಾರದ ಅನುಮೋದನೆ ಬೇಕು, ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ಎಂದೂ ತೋರಿಸಬೇಕು. 1988ರ ಪಿಟ್ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಆ ಧಕ್ಕೆಯ ಮಾತಿಲ್ಲ, ಅಕ್ರಮ ಸಾಗಾಟ ತಡೆಯುವುದಷ್ಟೇ ಉದ್ದೇಶ. ಆದರೆ ಸಹಿ ಹಾಕುವವರು ಕಮಿಷನರೂ ಅಲ್ಲ, ಡಿಸಿಯೂ ಅಲ್ಲ. ರಾಜ್ಯ ಸರ್ಕಾರ, ಇಲ್ಲವೇ ಅದು ವಿಶೇಷವಾಗಿ ಅಧಿಕಾರ ಕೊಟ್ಟ, ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಕೇಂದ್ರದಲ್ಲಾದರೆ ಜಂಟಿ ಕಾರ್ಯದರ್ಶಿ. ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯವರು ಕಳಿಸುವುದು ಬರೀ ಪ್ರಸ್ತಾವನೆ. ಒಂದು ಕಾಯ್ದೆಯ ಮಾದರಿಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಮೊದಲ ಪುಟದಲ್ಲೇ ಸಿಕ್ಕಿಬೀಳುತ್ತದೆ.

ಈಗ ಜಾಮೀನಿನ ವಿಷಯ. ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನಲ್ಲಿ ಸಿಕ್ಕಿದ್ದು 7 ಗ್ರಾಂ ಎಂಡಿಎಂಎ ಎಂಬ ಮಾದಕವಸ್ತು, ಇನ್ನೊಬ್ಬನಲ್ಲಿ 52 ಗ್ರಾಂ. ಎಂಡಿಎಂಎಗೆ ವಾಣಿಜ್ಯ ಪ್ರಮಾಣ 10 ಗ್ರಾಂ (ಗಾಂಜಾಕ್ಕಾದರೆ 20 ಕೆ.ಜಿ.). ಹಾಗಾಗಿ ಮೊದಲನೆಯವನಿಗೆ ಮಾದಕವಸ್ತು ಕಾಯ್ದೆಯಾದ ಎನ್‌ಡಿಪಿಎಸ್‌ನ 37ನೇ ಕಲಮು ಜಾಮೀನಿಗೆ ಹಾಕುವ ಅಡ್ಡಿಯಿಲ್ಲ. 60 ದಿನದಲ್ಲಿ ಚಾರ್ಜ್‌ಶೀಟ್ ಬೀಳದಿದ್ದರೆ ಜಾಮೀನು ಅವನ ಹಕ್ಕು. ಅವನು ಹೊರಬರಬಹುದು ಎಂದು ತೋರಿಸಲು ದೊಡ್ಡ ಕಸರತ್ತೇನೂ ಬೇಡ. ಎರಡನೆಯವನ ಕಥೆ ಬೇರೆ. ಸರ್ಕಾರಿ ಅಭಿಯೋಜಕರ ಆಕ್ಷೇಪ ಕೇಳಿ, ಈತ ತಪ್ಪಿತಸ್ಥನಲ್ಲ, ಹೊರಬಂದರೆ ಅಪರಾಧ ಮಾಡಲಾರ ಎಂದು ನಂಬಲು ಕಾರಣವಿದೆ ಎಂದು ಕೋರ್ಟಿಗೆ ಅನಿಸದೆ ಜಾಮೀನಿಲ್ಲ. ಚಾರ್ಜ್‌ಶೀಟಿಗೂ 180 ದಿನ ಕಾಲವಿದೆ. ಇಂಥವನು ‘ಇನ್ನೇನು ಹೊರಬರುತ್ತಾನೆ’ ಎಂದರೆ ಓದುವ ನ್ಯಾಯಮೂರ್ತಿ ‘ಹೇಗೆ?’ ಎಂದು ಕೇಳಿಯೇ ಕೇಳುತ್ತಾರೆ.

ಅದಕ್ಕೆ ಪ್ರಸ್ತಾವನೆಗಳಲ್ಲಿ ಸಾಮಾನ್ಯವಾಗಿ ಇರುವ ಉತ್ತರ ಇಷ್ಟು: ‘ಸದರಿ ಆಸಾಮಿಯು ಜಾಮೀನಿನ ಮೇಲೆ ಬಿಡುಗಡೆ ಹೊಂದಿ ಇದೇ ಕೃತ್ಯದಲ್ಲಿ ತೊಡಗುವ ಸಾಧ್ಯತೆ ಇರುತ್ತದೆ.’ ಈ ಸಾಲನ್ನು ಯಾರ ಕಡತಕ್ಕೆ ಬೇಕಾದರೂ ಅಂಟಿಸಬಹುದು, ಅದೇ ಅದರ ರೋಗ. ನಿಲ್ಲುವ ಸಾಲು ಹೀಗಿರುತ್ತದೆ: ‘ಆಸಾಮಿಯು ಇಂಥ ತಾರೀಕಿನಿಂದ ಮಂಗಳೂರು ಜೈಲಿನಲ್ಲಿದ್ದಾನೆ. ವಿಶೇಷ ನ್ಯಾಯಾಲಯದಲ್ಲಿ ಜಾಮೀನು ಅರ್ಜಿ ನಂಬರ್ ಇಷ್ಟು ಬಾಕಿಯಿದೆ, ಮುಂದಿನ ತಾರೀಕು ಇಂಥದ್ದು. ಇದೇ ಕೇಸಿನಲ್ಲಿ ಇದೇ ಪಾತ್ರದ 3ನೇ ಆರೋಪಿಗೆ ಜಾಮೀನಾಗಿದೆ, ಆದೇಶ ಪುಟ 112ರಲ್ಲಿದೆ. ಹಿಂದಿನ ಕೇಸಿನಲ್ಲಿ ಜಾಮೀನು ಪಡೆದ ನಾಲ್ಕೇ ತಿಂಗಳಿಗೆ ಈ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ.’ ಅರ್ಜಿಯೇ ಹಾಕಿಲ್ಲದಿದ್ದರೆ ಹಾಕಿಲ್ಲ ಎಂದೇ ಬರೆಯಬೇಕು, ಆಗ ಸಹ ಆರೋಪಿಯ ಜಾಮೀನು ಆದೇಶದ ತೂಕ ಇನ್ನೂ ಹೆಚ್ಚು. ಸುಪ್ರೀಂ ಕೋರ್ಟಿನ 2011ರ ರೇಖಾ ತೀರ್ಪು ಕೇಳಿದ್ದೂ ಇದನ್ನೇ: ‘ಇಂಥ ಕೇಸುಗಳಲ್ಲಿ ಜಾಮೀನಾಗುತ್ತದೆ’ ಎಂದರೆ ಸಾಲದು, ಯಾವ ಕೇಸು, ಯಾವ ತಾರೀಕು ಹೇಳಿ.

ಆರೋಪಿಯ ಪರ ವಕೀಲರು ಮೊದಲು ತರಿಸಿಕೊಳ್ಳಬೇಕಾದದ್ದು ಜಾಮೀನು ಅರ್ಜಿಗೆ ಅಭಿಯೋಜನೆ ಸಲ್ಲಿಸಿದ ತಕರಾರಿನ ಪ್ರತಿ. ಅದರಲ್ಲಿ ‘37ನೇ ಕಲಮಿನಡಿ ಜಾಮೀನು ಕೊಡಲಾಗದು’ ಎಂದಿರುತ್ತದೆ. ಅದೇ ವಾರದ ಪ್ರಸ್ತಾವನೆಯಲ್ಲಿ ‘ಜಾಮೀನು ಸಿಗುವುದು ಖಚಿತ’. ಎರಡನ್ನೂ ಅಕ್ಕಪಕ್ಕ ಇಟ್ಟರೆ ವಿವರಣೆ ಕೊಡಬೇಕಾದವರು ಇಲಾಖೆಯವರು. ಕೊಡುವುದೂ ಕಷ್ಟವೇ, ತಮ್ಮದೇ ಮಹಜರಿನ ಹುಳುಕಿನಿಂದ ಜಾಮೀನಾದೀತು ಎಂದು ಯಾರು ಬರೆಯುತ್ತಾರೆ!

ಪ್ರಸ್ತಾವನೆಗೂ ಆದೇಶಕ್ಕೂ ನಡುವಿನ ದಿನಗಳೂ ಅಪಾಯಕಾರಿ. ಆ ಹೊತ್ತಿಗೆ ಜಾಮೀನು ವಜಾ ಆಗಿರಬಹುದು, ಮಂಜೂರೂ ಆಗಿರಬಹುದು. ಎರಡರಲ್ಲಿ ಯಾವುದಾದರೂ ಆದೇಶದ ಪ್ರತಿ ಬೆಂಗಳೂರಿನಲ್ಲಿ ಸಹಿ ಹಾಕುವ ಅಧಿಕಾರಿಗೆ ಹೋಗಲೇಬೇಕು. ತ್ರಿಪುರಾದ ಪಿಟ್ ಪ್ರಕರಣವೊಂದರಲ್ಲಿ 2021ರ ಜೂನ್‌ನ ಪ್ರಸ್ತಾವನೆಗೆ ನವೆಂಬರ್‌ನಲ್ಲಿ ಆದೇಶವಾಯಿತು, ಹಿಂದಿನ ಕೇಸುಗಳ ಜಾಮೀನು ಆದೇಶ ಅಧಿಕಾರಿಯ ಮುಂದೆ ಇರಲೇ ಇಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಎರಡೂ ಕಾರಣಕ್ಕೆ ಅದನ್ನು ರದ್ದು ಮಾಡಿತು.

ಭಾಷೆಯ ವಿಷಯ ನಮ್ಮ ಕರಾವಳಿಯಲ್ಲಿ ಸ್ವಲ್ಪ ಸೂಕ್ಷ್ಮ. ಠಾಣೆಯಲ್ಲಿ ತುಳುವಿನಲ್ಲಿ ಸರಾಗವಾಗಿ ಉತ್ತರಿಸಿದವನು ಕನ್ನಡ ಓದಬಲ್ಲ ಎಂದುಕೊಳ್ಳಬೇಡಿ; ಕೇರಳ ಗಡಿಯ ತಲಪಾಡಿಯಾಚೆ ಮಲಯಾಳಂ ಮಾಧ್ಯಮದಲ್ಲಿ ಓದಿದವನಿಗೆ ಬಂಧನದ ಆಧಾರಗಳೂ ಅವಲಂಬಿಸಿದ ದಾಖಲೆಗಳೂ ಮಲಯಾಳಂನಲ್ಲೇ ಬೇಕು. ‘ಓದಿ ಹೇಳಿ ಸಹಿ ಪಡೆದಿದ್ದೇವೆ’ ಎಂಬ ಷರಾ ಆದೇಶವನ್ನು ಉಳಿಸುವುದಿಲ್ಲ. 2025ರ ಮಾರ್ಚ್‌ನಲ್ಲಿ ನಾಗಾಲ್ಯಾಂಡ್‌ನ ಪಿಟ್ ಆದೇಶಗಳು ಬಿದ್ದದ್ದಕ್ಕೆ ಇಂಗ್ಲಿಷ್ ಕಾಗದಗಳನ್ನು ಅಲ್ಲಿನ ಆಡುಭಾಷೆ ನಾಗಾಮೀಸ್‌ನಲ್ಲಿ ಬಾಯಲ್ಲಿ ವಿವರಿಸಿದ್ದೂ ಒಂದು ಕಾರಣ. ಅಧಿಕಾರಿ ತನ್ನದೇ ಆಧಾರಗಳನ್ನು ಬರೆಯದೆ ಪೊಲೀಸರ ಪ್ರಸ್ತಾವನೆಯನ್ನೇ ನೆಚ್ಚಿಕೊಂಡದ್ದು ಇನ್ನೊಂದು. ಪ್ರತಿಗಳು ಓದಲು ಬರುವಂತೆಯೂ ಇರಬೇಕು. ಮೂರನೇ ಕಾರ್ಬನ್ ಪ್ರತಿಯ ಮಹಜರನ್ನು ಮತ್ತೆ ಜೆರಾಕ್ಸ್ ಮಾಡಿ ಕೊಟ್ಟರೆ ಕೊಟ್ಟ ಹಾಗಲ್ಲ.

ದಿನಗಳ ಲೆಕ್ಕ ಶುರುವಾಗುವುದು ಆದೇಶದ ತಾರೀಕಿನಿಂದಲ್ಲ, ಜೈಲಿನಲ್ಲಿ ಜಾರಿಯಾದ ದಿನದಿಂದ. ಆಧಾರಗಳನ್ನು ಸಾಮಾನ್ಯವಾಗಿ 5 ದಿನದೊಳಗೆ, ಲಿಖಿತ ಕಾರಣವಿದ್ದರೆ ಹೆಚ್ಚೆಂದರೆ 15 ದಿನದೊಳಗೆ ಕೊಡಬೇಕು. 5 ವಾರದೊಳಗೆ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಗೆ ಉಲ್ಲೇಖ, 11 ವಾರದೊಳಗೆ ಮಂಡಳಿಯ ವರದಿ, ಗರಿಷ್ಠ ಬಂಧನ ಒಂದು ವರ್ಷ. ಆದೇಶದ ತಾರೀಕಿನಿಂದ ಓಡುವುದು ಒಂದೇ: ರಾಜ್ಯದ ಆದೇಶವಾದರೆ 10 ದಿನದೊಳಗೆ ಕೇಂದ್ರಕ್ಕೆ ವರದಿ. ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕಾಯ್ದೆಯಲ್ಲಿಲ್ಲ. ಇಲಾಖೆ ವಕೀಲರ ನೆರವು ಪಡೆದರೆ ಮಾತ್ರ ಬಂಧಿತನಿಗೂ ಕೊಡಬೇಕಾಗುತ್ತದೆ.

ಬಂಧನದ ವಿರುದ್ಧದ ಮನವಿಯನ್ನು ಆದೇಶ ಹೊರಡಿಸಿದ ಅಧಿಕಾರಿಗೆ, ರಾಜ್ಯಕ್ಕೆ, ಕೇಂದ್ರಕ್ಕೆ ಮತ್ತು ಮಂಡಳಿಗೆ ಬೇರೆ ಬೇರೆಯಾಗಿ ಬರೆಯಿಸಿ, ಜೈಲು ಅಧೀಕ್ಷಕರಿಂದ ತಾರೀಕು ಸಮೇತ ಸ್ವೀಕೃತಿ ಪಡೆಯಿರಿ. 2024ರಲ್ಲಿ ಕೋಫೆಪೋಸಾ (ಕಳ್ಳಸಾಗಣೆ ತಡೆಯಲು ಇಂಥದ್ದೇ ಬಂಧನದ ಕಾಯ್ದೆ) ಬಂಧನವೊಂದು ರದ್ದಾಗಲು ಜೈಲಿನವರು ಮನವಿಯನ್ನು ಸಾಮಾನ್ಯ ಅಂಚೆಯಲ್ಲಿ ಹಾಕಿ ಸುಮ್ಮನಾದದ್ದೂ ಕಾರಣವಾಯಿತು.

ಮನೆಯವರಿಗೆ ಇನ್ನೊಂದು ಮಾತು ಮೊದಲೇ ಹೇಳಿಡಬೇಕು. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಬಂಧನವನ್ನು ಪ್ರಶ್ನಿಸುವ ಅರ್ಜಿ) ಗೆದ್ದರೆ ಬೀಳುವುದು ಪಿಟ್ ಆದೇಶ ಮಾತ್ರ. ಮೂಲ ಕೇಸಿನಲ್ಲಿ ಜಾಮೀನಾಗಿ, ಶ್ಯೂರಿಟಿ ಕೊಟ್ಟು, ಬಿಡುಗಡೆ ಆದೇಶ ಜೈಲಿಗೆ ಮುಟ್ಟುವವರೆಗೆ ಆತ ಅದೇ ಬ್ಯಾರಕ್‌ನಲ್ಲಿರುತ್ತಾನೆ.